ಬಾಗಿಲಾಚೆಯ ತುತ್ತೂರಿ

ನಮ್ಮ ಚಿಕ್ಕಪ್ಪ ಜಾಝ್ ಬ್ಯಾಂಡಿನಲ್ಲಿ ಮೂವತ್ತು ವರ್ಷ ಟ್ರಂಪೆಟ್ ಊದಿದ. ಆದರೆ ತನ್ನ ತುತ್ತೂರಿಯನ್ನು ತಾನೇ ಊದಿಕೊಳ್ಳುವ ವಿದ್ಯೆ ಮಾತ್ರ ಅವನಿಗೆ ಒಲಿಯಲೇ ಇಲ್ಲ. ಅದರಲ್ಲಿ ಪಂಡಿತನೆಂದರೆ ಬ್ಯಾಂಡಿನ ಯಜಮಾನ, ಸ್ಯಾಕ್ಸೊಫೋನಿನವನು. ಆ ಮನುಷ್ಯನಿಗೆ ಸರಿಯಾಗಿ ಬರುತ್ತಿದ್ದುದು ಕೋಟು ಹಾಕಿಕೊಳ್ಳುವುದು, ತಲೆ ಬಾಚಿಕೊಳ್ಳುವುದು, ಎರಡೇ. ಬ್ಯಾಂಡು ನುಡಿಸುತ್ತಿದ್ದ ಹೋಟೆಲಿನ ಊಟದ ಕೋಣೆಯಲ್ಲಿ ಚಿಕ್ಕಪ್ಪನಿಗೆ ಬಿದ್ದ ಚಪ್ಪಾಳೆಗೆಲ್ಲ ಬಗ್ಗಿ ನಮಸ್ಕಾರ ಮಾಡುತ್ತಿದ್ದವನು ಅವನು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಐವತ್ತೆರಡಕ್ಕೆ ಚಿಕ್ಕಪ್ಪನ ಮುಂದಿನ ಹಲ್ಲು ಅಲ್ಲಾಡತೊಡಗಿತು. ಟ್ರಂಪೆಟ್ಟಿನವನಿಗೆ ಮುಂದಿನ ಹಲ್ಲೆಂದರೆ ಕುರ್ಚಿಗೆ ಕಾಲಿದ್ದ ಹಾಗೆ. ಕಿತ್ತುಬಿಡೋಣ ಎಂದರು ಹಲ್ಲಿನ ಡಾಕ್ಟರು. ಗುರುವಾರ ಒಂದು ದಾಟಲಿ ಎಂದ ಇವನು. ಅಂದು ಬ್ಯಾಂಡಿನ ಮೊದಲ ರೆಕಾರ್ಡಿಂಗ್, ಅದರ ನಡುವೆ ಅರ್ಧ ನಿಮಿಷ ಚಿಕ್ಕಪ್ಪನೊಬ್ಬನದೇ. ಸಾಯುವ ಮುಂಚೆ ಒಂದು ರೆಕಾರ್ಡಿನಲ್ಲಾದರೂ ತಾನಿರಬೇಕು, ಅಷ್ಟೇ ಅವನ ಆಸೆ. ನಾಲ್ಕು ದಿನ ಊಟವನ್ನೆಲ್ಲ ಕಿವುಚಿ ನುಂಗಿದ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುವ ಗಾದೆ ಈ ಮನುಷ್ಯನನ್ನು ನೋಡಿಯೇ ಹುಟ್ಟಿದ್ದು ಎಂದಳು ಚಿಕ್ಕಮ್ಮ.

ಸ್ಟುಡಿಯೋದಲ್ಲಿದ್ದದ್ದು ಒಂದೇ ಮೈಕು. ಇವನ ಸದ್ದಿನಲ್ಲಿ ಉಳಿದವರು ಮುಳುಗಿಹೋಗುತ್ತಾರೆಂದು ಹಿಂದೆ ಹಿಂದೆ ತಳ್ಳುತ್ತ, ಕೊನೆಗೆ ಬಾಗಿಲು ತೆರೆದಿಟ್ಟು ಹೊರಗಿನ ಕಾರಿಡಾರಿನಲ್ಲಿ ನಿಲ್ಲಿಸಿದರು. ಸರದಿ ಬಂದಾಗ ಚಿಕ್ಕಪ್ಪ ಕಣ್ಣು ಮುಚ್ಚಿ ಊದಿದ. ಜನ್ಮದಲ್ಲೇ ಹಾಗೆ ಊದಿರಲಿಲ್ಲವಂತೆ. ಕಣ್ಣು ಬಿಟ್ಟರೆ ಬಾಗಿಲು ಮುಚ್ಚಿದೆ, ಎದುರಿಗೆ ಟೀ ತಂದವನು ತಟ್ಟೆ ಹಿಡಿದು ನಿಂತಿದ್ದಾನೆ.

"ಒಳಗೆ ರೆಕಾರ್ಡಿಂಗ್ ನಡೀತಿದೆ ಸಾರ್, ಸ್ವಲ್ಪ ಮೆಲ್ಲಗೆ ಊದಿ. ಪುಣ್ಯಕ್ಕೆ ನಾನು ನೋಡಿ ಬಾಗಿಲು ಹಾಕ್ದೆ" ಎಂದ ಆ ಪುಣ್ಯಾತ್ಮ.

ಚಿಕ್ಕಪ್ಪ ಒಳಗೆ ನುಗ್ಗಿ, ಇನ್ನೊಂದೇ ಒಂದು ಸಲ ಎಂದು ಅಂಗಲಾಚಿದ. ಯಜಮಾನ ಆಗಲೇ ಸ್ಯಾಕ್ಸೊಫೋನನ್ನು ಪೆಟ್ಟಿಗೆಗೆ ಹಾಕಿದ್ದ. ತನ್ನ ಭಾಗ ಚೆನ್ನಾಗಿ ಬಂದಿದೆ, ಇಷ್ಟು ಸಾಕು ಎಂದ. ಶುಕ್ರವಾರ ಹಲ್ಲು ಹೋಯಿತು, ಅದರ ಜೊತೆ ಊದುವುದೂ ಹೋಯಿತು.

ರೆಕಾರ್ಡು ಬಂತು. ನಡುವಿನ ಅರ್ಧ ನಿಮಿಷದ ಮೌನ ಯಜಮಾನನ ದಿಟ್ಟ ಪ್ರಯೋಗವೆಂದು ಪತ್ರಿಕೆಯವನೊಬ್ಬ ಬರೆದ. ಅವನ ತಲೆ!

ಬಾಗಿಲಿನ ಕಥೆಯನ್ನು ಚಿಕ್ಕಪ್ಪ ನನ್ನೊಬ್ಬನಿಗೆ ಹೇಳಿದ್ದ, ಚಿಕ್ಕಮ್ಮನಿಗೆ ಹೇಳಲು ಬಾಯಿ ಬಂದಿರಲಿಲ್ಲ. ಅವಳು ರೆಕಾರ್ಡನ್ನು ಸೆರಗಿನಲ್ಲಿ ಒರೆಸಿ ಗ್ರಾಮಫೋನಿಗೆ ಹಾಕಿ, ನಮ್ಮನ್ನೆಲ್ಲ ಕರೆದು ಕೂರಿಸಿದಳು. ಹಾಡು ನಡುವಿಗೆ ಬಂತು. ಡ್ರಮ್ಮಿನ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ. ನಾನು ನೆಲ ನೋಡುತ್ತ ಕುಳಿತೆ.

"ಇದು ನಾನು ಕಣೇ" ಎಂದ ಚಿಕ್ಕಪ್ಪ.

ಚಿಕ್ಕಮ್ಮ ಅವನ ಮುಖವನ್ನೇ ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದುಹೋಗಿ ಮುಳ್ಳನ್ನು ಎತ್ತಿ ಹಿಂದಕ್ಕಿಟ್ಟಳು.

"ಯಾರೂ ಮಾತಾಡ್ಬೇಡಿ. ನಾನು ಸರಿಯಾಗಿ ಕೇಳ್ಬೇಕು" ಎಂದಳು.