ಅಮ್ಮನ ಕಿವಿ, ನನ್ನ ಹೆಗಲು

ನನ್ನ ಹೆಗಲ ಮೇಲೆ ಕಾಳುಮೆಣಸಿನಷ್ಟು ದೊಡ್ಡ, ಉಬ್ಬಿದ ಮಚ್ಚೆಯೊಂದಿತ್ತು. ಮಯೂರ್ ವಿಹಾರ್‌ನಿಂದ ಗುರುಗ್ರಾಮದ ಆಫೀಸಿಗೆ ಮೆಟ್ರೋದಲ್ಲಿ ನಿಂತು ಹೋಗುವಾಗ ಬ್ಯಾಗಿನ ಪಟ್ಟಿ ಅದರ ಮೇಲೇ ಕೂರುತ್ತಿತ್ತು. ಉಜ್ಜಿ ಉಜ್ಜಿ ರಕ್ತ ಬರತೊಡಗಿದಾಗ ಕ್ಲಿನಿಕ್ಕಿಗೆ ಹೋಗಿ ತೆಗೆಸಿದೆ. ಪರೀಕ್ಷೆಗೂ ಕಳಿಸಿದ್ದರು, ಭಯಪಡುವಂಥದ್ದೇನೂ ಇಲ್ಲವೆಂದು ಬಂತು.

ಗಾಯ ಚೆನ್ನಾಗಿಯೇ ಮಾಯಿತು. ಆದರೆ ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಚರ್ಮ ಗಟ್ಟಿಯಾಗಿ, ಕೆಂಪಗೆ ಉಬ್ಬಿ, ಮೊದಲಿನ ಗಾಯವನ್ನೂ ದಾಟಿ ಹರಡತೊಡಗಿತು. ಸೆಕೆಗೆ ವಿಪರೀತ ತುರಿಕೆ. ಜೊತೆಗಿದ್ದ ಗೆಳತಿ ನಿಂಬೆರಸ ಹಚ್ಚು ಅಂದಳು. ನಾನು ನೇರ ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋದೆ.

"ಇದು ಕೀಲಾಯ್ಡ್," ಅಂದರು ಡಾಕ್ಟರಮ್ಮ. "ಗಾಯ ಮಾಯ್ದ ಮೇಲೂ ಚರ್ಮ ಬೆಳೆಯುತ್ತಲೇ ಹೋಗುತ್ತದೆ. ಇಂಜೆಕ್ಷನ್‌ನಿಂದ ತಗ್ಗುತ್ತದೆ, ಆದರೆ ತಾಳ್ಮೆ ಬೇಕು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ?"

ಇಲ್ಲ ಅನ್ನಲು ಬಾಯಿ ತೆರೆದವಳಿಗೆ ಅಮ್ಮನ ಬಲಗಿವಿ ನೆನಪಾಯಿತು.

ಅಮ್ಮ ದಾವಣಗೆರೆಯ ಹೈಸ್ಕೂಲೊಂದರಲ್ಲಿ ಹಿಂದಿ ಟೀಚರ್. ಎಷ್ಟೇ ಸೆಕೆಯಿರಲಿ, ಕೂದಲನ್ನು ಬಲಗಿವಿ ಮುಚ್ಚುವಂತೆ ಸಡಿಲವಾಗಿ ಇಳಿಬಿಟ್ಟೇ ಜಡೆ ಹಾಕುತ್ತಿದ್ದಳು. ಅದರಡಿ ನೆಲ್ಲಿಕಾಯಿಯಷ್ಟು ದೊಡ್ಡ ಗಂಟಿತ್ತು. ನಾವು ಮಕ್ಕಳು ಯಾವತ್ತೂ ಅದರ ಬಗ್ಗೆ ಕೇಳಿರಲಿಲ್ಲ. ಅವತ್ತು ಫೋನ್ ಮಾಡಿ ಕೇಳಿದೆ.

"ಬುಗುಡಿ ಹಾಕೋಕೆ ಮೇಲ್ಗಿವಿ ಚುಚ್ಚಿಸಿದ್ರು," ಅಂದಳು. "ಮುಟ್ಟಬೇಡ ಅಂದ್ರೂ ಮುಟ್ಟಿ ಮುಟ್ಟಿ ಕೆಡಿಸಿಕೊಂಡೆ ಅಂತ ಅಜ್ಜಿ ಸಾಯೋವರೆಗೂ ಬೈತಿದ್ದಳು. ಮದುವೆಗೆ ಮುಂಚೆ ಒಂದ್ಸಲ ಕತ್ತರಿಸಿದ್ರು. ಮತ್ತೆ ಬಂತು, ಮೊದಲಿಗಿಂತ ದೊಡ್ಡದಾಗಿ. ಈಗ ಯಾಕೆ ಆ ಮಾತು?"

"ನನಗೂ ಬಂದಿದೆ. ಔಷಧಿ ಇದೆಯಂತೆ. ದಸರಾ ರಜೆಗೆ ಇಲ್ಲಿಗೆ ಬಾ."

"ಈ ವಯಸ್ಸಲ್ಲಿ ನನ್ನ ಕಿವಿ ಯಾರು ನೋಡ್ತಾರೆ?"

"ನೀನೇ ನೋಡ್ಕೊಳ್ತೀಯಲ್ಲ, ದಿನಾ ಕನ್ನಡಿಯಲ್ಲಿ."

ಅತ್ತ ಕಡೆ ಕ್ಯಾಲೆಂಡರ್ ಮಗುಚಿದ ಸದ್ದು ಕೇಳಿಸಿತು. ಆಮೇಲೆ, "ಟಿಕೆಟ್ ನೋಡು," ಅಂದಳು.

ಆಸ್ಪತ್ರೆಯ ಸಾಲಿನಲ್ಲಿ ನಿಂತು ಅಮ್ಮ ತನ್ನ ಪಠ್ಯಪುಸ್ತಕದ ಹಿಂದಿಯಲ್ಲಿ ಎಲ್ಲರ ಕಾಯಿಲೆ ವಿಚಾರಿಸಿದಳು. ಆದರೆ ಡಾಕ್ಟರ ಮುಂದೆ ಕೂದಲು ಸರಿಸುವ ಮುಂಚೆ ಬಾಗಿಲು ಮುಚ್ಚಿದೆಯೇ ಎಂದು ಎರಡು ಸಲ ತಿರುಗಿ ನೋಡಿದಳು.

"ನಾನು ಮುಟ್ಟಿದ್ದಕ್ಕೇ ಹೀಗಾಯಿತಂತೆ," ಅಂದಳು.

"ಅಲ್ಲ ಆಂಟಿ. ಕೆಲವರ ಚರ್ಮದ ಗುಣವೇ ಹಾಗೆ. ಅದೇ ನಿಮ್ಮ ಮಗಳಿಗೂ ಬಂದಿದೆ. ಬರೀ ಕತ್ತರಿಸಿ ಬಿಟ್ಟರೆ ಮತ್ತೆ ಬರುವುದೇ ಹೆಚ್ಚು. ನಾವು ಕತ್ತರಿಸಿ, ಇಂಜೆಕ್ಷನ್ ಕೊಟ್ಟು, ಆಮೇಲೆ ಒತ್ತಿ ಹಿಡಿಯುವ ಕ್ಲಿಪ್ಪನ್ನೂ ಹಾಕುತ್ತೇವೆ."

ಹೊರಗೆ ಬಂದು ಬೆಂಚಿನ ಮೇಲೆ ಕೂತ ಅಮ್ಮ ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅದು ನೋವಿನ ಅಳುವಲ್ಲವೆಂದು ಗೊತ್ತಿತ್ತು. ಕಣ್ಣೊರೆಸಿಕೊಂಡು, "ಅಜ್ಜಿ ಇರಬೇಕಿತ್ತು, ಒಂದು ಮಾತು ಕೇಳ್ತಿದ್ದೆ," ಅಂದಳು. ಆಮೇಲೆ ಇಬ್ಬರೂ ಛೋಲೆ ಭಟೂರೆ ತಿಂದೆವು.

ಇಂಜೆಕ್ಷನ್ ಸುಲಭದ್ದಲ್ಲ. ಗಟ್ಟಿ ಚರ್ಮದೊಳಕ್ಕೆ ಸೂಜಿ ಇಳಿಯುವಾಗ ಕಣ್ಣಲ್ಲಿ ನೀರು ಬರುತ್ತದೆ. ಪ್ರತಿ ತಿಂಗಳೂ ಹೋದೆ. ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಡಾಕ್ಟರು ಹೇಳಿದ ಸಿಲಿಕೋನ್ ಹಾಳೆಯನ್ನು ಸ್ನಾನದ ಹೊತ್ತು ಬಿಟ್ಟು ಸದಾ ಅಂಟಿಸಿಕೊಂಡಿದ್ದೆ. ಮೊದಲು ತುರಿಕೆ ನಿಂತಿತು, ಆಮೇಲೆ ಉಬ್ಬು ತಗ್ಗಿತು. ಈಗ ಅಲ್ಲಿ ಸಪಾಟಾದ, ಬಣ್ಣ ಬೇರೆಯಾದ ಗುರುತು ಮಾತ್ರ. ತೋಳಿಲ್ಲದ ಕುರ್ತಾ ಹಾಕಿದಾಗ ಕಾಣುತ್ತದೆ, ಕಾಣಲಿ ಬಿಡಿ.

ಅಮ್ಮನ ಕಿವಿಯನ್ನು ಆ ರಜೆಯಲ್ಲೇ ಸರಿಪಡಿಸಿದರು. ಉಳಿದ ಇಂಜೆಕ್ಷನ್‌ಗಳನ್ನು ದಾವಣಗೆರೆಯಲ್ಲಿ ಮುಗಿಸಿಕೊಂಡಳು. ಮೊನ್ನೆ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ವಿಡಿಯೋ ಕಾಲ್ ಮಾಡಿದಾಗ ಕೂದಲೆಲ್ಲ ಎತ್ತಿ ತುರುಬು ಕಟ್ಟಿದ್ದಳು. ಮತ್ತೆ ಬರಬಹುದು, ಗಮನವಿರಲಿ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ.

"ದಿನಾ ಮುಟ್ಟಿ ನೋಡ್ಕೊಳ್ತೀನಿ ಕಣೇ," ಅಂದಳು. "ಬಂದರೆ ಮತ್ತೆ ಚುಚ್ಚಿಸಿಕೊಂಡ್ರಾಯ್ತು. ಫೋನ್ ಇಡು, ಪ್ರಾರ್ಥನೆಗೆ ಹೊತ್ತಾಯ್ತು."