ತಾರಸಿ ಬಡಿತದ ಆರು ದಿನದ ಪಟ್ಟಿ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಒಮ್ಮೆ ಫೇಲಾಗಿದ್ದೆ. ಎರಡನೆಯ ಸಲ ಪರೀಕ್ಷೆ ಕಟ್ಟಿದಾಗ ಅಪ್ಪ, "ಈ ಸಲಾನೂ ಹೋದ್ರೆ ಓದಿದ್ದು ಸಾಕಮ್ಮ" ಅಂದರು. ನನಗೋ ಕಾಲೇಜಿನ ಕನಸು. ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ ಅನ್ನುವಾಗ ಪಕ್ಕದ ಮನೆಯ ತಾರಸಿ ಬಡಿಯಲು ಶುರುಮಾಡಿದರು.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಪಕ್ಕದಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ಮನೆ ಕಟ್ಟಿಸುತ್ತಿದ್ದರು. ಆಗಿನ ತಾರಸಿಗೆ ಸುಣ್ಣದ ಗಾರೆ, ಇಟ್ಟಿಗೆ ಚೂರು ಹರಡಿ, ಬೆಲ್ಲದ ನೀರು ಚಿಮುಕಿಸುತ್ತಾ, ಹೆಂಗಸರು ಸಾಲಾಗಿ ಕುಳಿತು ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯಬೇಕು. ಬಡಿತ ಸಾಲದಿದ್ದರೆ ಮಳೆಗಾಲದಲ್ಲಿ ಸೋರುತ್ತದೆ. ಇದು ರಸ್ತೆಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಹಾಲಿನವನು ತಡವಾಗಿ ಬಂದ ದಿನಗಳನ್ನೂ ಡೈರಿಯಲ್ಲಿ ಗುರುತು ಹಾಕುವವಳು ನಾನು. ಬೀಜಗಣಿತ ಪಕ್ಕಕ್ಕಿಟ್ಟು ಬಡಿತದ ಪಟ್ಟಿ ಮಾಡಿದೆ: ಶುರುವಾದ ಹೊತ್ತು, ನಿಂತ ಹೊತ್ತು, ಎಷ್ಟು ಜನ, ನಡುವೆ ಎಷ್ಟು ಬಿಡುವು. ಆರು ದಿನವಾದ ಮೇಲೆ ಅದರ ಶುದ್ಧಪ್ರತಿ ತೆಗೆದು, ಸದ್ದು ನಿಲ್ಲಿಸಬೇಕೆಂಬ ಅರ್ಜಿಗೆ ಸೇರಿಸಿ ಕಾರ್ಪೊರೇಷನ್ನಿನ ವಾರ್ಡ್ ಕಚೇರಿಗೆ ಕೊಟ್ಟುಬಂದೆ.

ಮಾರನೆಯ ದಿನವೇ ಕಾರ್ಪೊರೇಷನ್ ಇಂಜಿನಿಯರು ಸೈಕಲ್ಲಿನಲ್ಲಿ ಬಂದರು. ಪೋಸ್ಟ್‌ಮಾಸ್ಟರೂ ಮೇಸ್ತ್ರಿಯೂ ಏಣಿಯ ಹತ್ತಿರವೇ ಇದ್ದರು; ನಾನೂ ಓಡಿಹೋದೆ.

"ಇವತ್ತಿಗೆ ಬಡಿಯೋದು ಮುಗೀತು ಸಾರ್. ಸಂಜೆಯಿಂದ ಸದ್ದೇ ಇರಲ್ಲ" ಅಂದ ಮೇಸ್ತ್ರಿ.

ನಾನು ಹಿಗ್ಗಿದೆ. ಇಂಜಿನಿಯರು ಮಾತ್ರ ನನ್ನ ಪಟ್ಟಿಯನ್ನೇ ಓದುತ್ತಿದ್ದರು. "ಬುಧವಾರ ಮೂರು ಗಂಟೆ ಮೇಲೆ ಸದ್ದಿಲ್ಲ. ಗುರುವಾರ ನಾಲ್ಕೇ ಜನ. ಶುಕ್ರವಾರ ಮಧ್ಯಾಹ್ನ ಪೂರ್ತಿ ಬಿಡುವು. ಯಾರಮ್ಮ ಇದನ್ನ ಬರೆದಿದ್ದು?"

"ನಾನೇ ಸಾರ್."

ಪೋಸ್ಟ್‌ಮಾಸ್ಟರು ಕಾಗದವನ್ನು ಕಿತ್ತುಕೊಂಡಂತೆ ತೆಗೆದುಕೊಂಡರು. "ಏನ್ ಮೇಸ್ತ್ರಿ, ದಿನಾ ಕತ್ತಲಾಗೋವರ್ಗೂ ಎಂಟು ಜನ ಬಡಿದ್ರು ಅಂದ್ಯಲ್ಲ?"

ಮೇಸ್ತ್ರಿ ನನ್ನ ಕಡೆ ತಿರುಗಿದ. "ಏನವ್ವ, ನೀನು ಓದ್ತಿದ್ಯೋ, ನನ್ನ ಕಾವಲು ಕಾಯ್ತಿದ್ಯೋ?"

ತಾರಸಿಯ ಅಂಚಿನಿಂದ ಒಬ್ಬಾಕೆ ಬಗ್ಗಿ ಕೂಗಿದಳು: "ನಾನು ಎಲೆಅಡಿಕೆ ಹಾಕ್ಕೊಂಡಿದ್ದೂ ಬರ್ದಿದ್ಯೇನವ್ವ?"

ಅದನ್ನೂ ಬರೆದಿದ್ದೆ.

ಇಂಜಿನಿಯರು ಏಣಿ ಹತ್ತಿ, ಹಲಗೆ ತೆಗೆದುಕೊಂಡು ತಾವೇ ನಾಲ್ಕು ಏಟು ಹಾಕಿದರು. ಹದ ಬಂದಿದ್ದರೆ ಹಲಗೆ ಪುಟಿಯಬೇಕಿತ್ತು. ಗಾರೆಯ ಮೇಲೆ ಗುರುತು ಉಳಿಯಿತು. ಇಳಿದುಬಂದು, "ಇನ್ನೂ ಮೂರು ದಿನ ಬಡೀಬೇಕು" ಅಂದರು.

"ಸಾರ್, ನನ್ನ ಪರೀಕ್ಷೆ!" ಅಂದೆ. ಸುಮ್ಮನಿದ್ದಿದ್ದರೆ ಅವತ್ತೇ ಮುಗಿಯುತ್ತಿದ್ದ ಸದ್ದನ್ನು ಅರ್ಜಿ ಕೊಟ್ಟು ಬೆಳೆಸಿಕೊಂಡಿದ್ದೆ.

"ಗಾರೆ ಒಣಗಿದ್ರೆ ಕೆಟ್ಟೋಗತ್ತಮ್ಮ, ನಿಲ್ಸಕ್ಕಾಗಲ್ಲ. ಹೊತ್ತು ಬೇಕಾದ್ರೆ ಬದಲಾಯಿಸ್ಬೋದು" ಅಂದು ಅವರು ಪೋಸ್ಟ್‌ಮಾಸ್ಟರ ಮುಖ ನೋಡಿದರು.

"ನಮ್ಮನೆ ಸೋರದ ಹಾಗೆ ಮಾಡಿದ ಹುಡುಗಿ ಇವಳು" ಅಂದರು ಪೋಸ್ಟ್‌ಮಾಸ್ಟರು. "ಬೆಳಿಗ್ಗೆ ಹತ್ತರವರ್ಗೂ ಒಂದು ಏಟೂ ಬೀಳಕೂಡದು ಮೇಸ್ತ್ರಿ."

ಆ ಮೂರು ದಿನವೂ ಹತ್ತರವರೆಗೂ ಪೋಸ್ಟ್‌ಮಾಸ್ಟರು ಏಣಿಯ ಬುಡದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಐದಕ್ಕೆದ್ದು ಲೆಕ್ಕ ಮಾಡುತ್ತಿದ್ದೆ. ಪಟ್ಟಿ ಮಾಡಲು ಸದ್ದಿಲ್ಲದ್ದರಿಂದ ಮೊದಲ ದಿನ ಹದಿನಾಲ್ಕು, ಎರಡನೆಯ ದಿನ ಇಪ್ಪತ್ತೊಂದು, ಮೂರನೆಯ ದಿನ ಇಪ್ಪತ್ತಾರು ಲೆಕ್ಕ ಮುಗಿದವು. ಬಡಿತ ಪೂರ್ತಿ ನಿಂತ ಮೇಲೂ ಅದೇ ಹೊತ್ತಿಗೆ ಏಳುವುದನ್ನು ಬಿಡಲಿಲ್ಲ.

ಗಣಿತದಲ್ಲಿ ನಲವತ್ತಮೂರು ಬಂತು. ಅಪ್ಪನೇ ಕಾಲೇಜಿನ ಅರ್ಜಿ ತಂದುಕೊಟ್ಟರು. ಎರಡು ರಸ್ತೆಯಾಚೆ ಇನ್ನೊಂದು ಮನೆ ಕಟ್ಟಿಸುತ್ತಿದ್ದ ಮೇಸ್ತ್ರಿಗೂ ಮೈಸೂರುಪಾಕು ಕೊಡಲು ಹೋದೆ.

ಒಂದು ತುಂಡು ಬಾಯಿಗೆ ಹಾಕಿಕೊಂಡು ಅವನು, "ಬೇಗ ಕಾಲೇಜಿಗೆ ಸೇರ್ಕೊಳವ್ವ. ನೀನು ಮನೇಲಿದ್ರೆ ನಮ್ಗೆ ಕಷ್ಟ" ಅಂದ.