ಮದ್ದಿನ ಮನೆಗೆ ಒಯ್ದ ಕೆಂಡ

ನಾಗಮಂಗಲದ ನಂಜಾಚಾರಿ ಯಾವ ಕೆಲಸದಲ್ಲೂ ಬಹುಕಾಲ ನಿಂತವನಲ್ಲ. ಊರಿನಲ್ಲಿ ಮೇಣದ ಅಚ್ಚಿನಿಂದ ಕಂಚಿನ ದೀಪ ಎರೆದ. ಅತ್ತಿಗುಪ್ಪೆಯ ಅಕ್ಕಸಾಲಿಯ ಬಳಿ ತಾಮ್ರದ ತಂತಿ ಎಳೆದ. ಅರಕೆರೆಯಲ್ಲಿ ನೇಗಿಲ ಗುಳ ತಟ್ಟಿದ. ಕೆಲಸ ಕೈಗೆ ಹತ್ತಿತು ಎನ್ನುವಾಗ ಗಂಟು ಕಟ್ಟುತ್ತಿದ್ದ. ಅಣ್ಣ ಸಿದ್ದಾಚಾರಿ ಮಾತ್ರ ಶ್ರೀರಂಗಪಟ್ಟಣದ ಕೋಟೆಯಲ್ಲಿ ವರ್ಷಗಟ್ಟಲೆ ಕುದುರೆ ಲಾಳವೊಂದನ್ನೇ ಬಡಿದವನು. ದಂಡು ನಡೆಯುವುದೇ ತನ್ನಿಂದ ಎಂಬಂತೆ ಮೀಸೆ ತಿರುವುತ್ತಿದ್ದ. ಏನನ್ನೂ ನೆಟ್ಟಗೆ ಕಲಿಯದ ತಮ್ಮನಿಗಾಗಿ ಎಲ್ಲರೆದುರೂ ಮರುಗುತ್ತಿದ್ದ.

೧೭೯೨ರ ಮುತ್ತಿಗೆಯ ಕಾಲದಲ್ಲಿ ಶತ್ರುವಿನ ದಂಡಿಗೆ ಹೆದರಿ ನಂಜಾಚಾರಿ ಕೋಟೆಯೊಳಗಿನ ಅಣ್ಣನ ಮನೆ ಸೇರಿದ್ದ. ಹೊಳೆಯಾಚೆ ತೋಪುಗಳು ಗುಡುಗುತ್ತಿದ್ದಾಗ ತೋಪಿನ ಸಿಡಿಮದ್ದು ತುಂಬಿಟ್ಟಿದ್ದ ಮದ್ದಿನ ಮನೆಯ ಬೀಗದೊಳಗೇ ಬೀಗದಕೈ ಮುರಿಯಿತು. ಕಾವಲಿನ ಜಮಾದಾರನು ಬೀಗ ತೆಗೆಯಲು ಸಿದ್ದಾಚಾರಿಗೆ ಹೇಳಿಕಳಿಸಿದ. ಸಿದ್ದಾಚಾರಿ ಕೆಲಸ ಅಂದರೆ ಮೊದಲು ಬೆಂಕಿ ಎಂದೇ ಬಾಳಿದ ಮನುಷ್ಯ. ಕೆಂಡದ ಮಡಕೆ ಹಿಡಿದು ಗಂಭೀರವಾಗಿ ಮದ್ದಿನ ಮನೆಯತ್ತ ನಡೆದ. ಕಾವಲಿನವರು ಅವನನ್ನು ದೂರದಲ್ಲೇ ಕೆಡವಿ, ಶತ್ರುವಿನ ಬೇಹುಗಾರನೆಂದು ಕಂಬಕ್ಕೆ ಕಟ್ಟಿದರು. ನಂಜಾಚಾರಿ ಓಡಿಬಂದು ಜಮಾದಾರನ ಕಾಲು ಹಿಡಿದ. ಸಂಜೆಯೊಳಗೆ ಬಾಗಿಲು ತೆರೆದರೆ ಸರಿ, ಇಲ್ಲದಿದ್ದರೆ ಅಣ್ಣನಿಗೆ ನೇಣು ಎಂಬ ಉತ್ತರ ಬಂತು.

ಅಲ್ಲಿ ಬೆಂಕಿ ಕೂಡದು, ಕಬ್ಬಿಣ ತಾಗಿಸಕೂಡದು. ಒಂದು ಕಿಡಿ ಸಾಕು. ನಂಜಾಚಾರಿ ಬೀಗಕ್ಕೆ ಹರಳೆಣ್ಣೆ ಬಿಟ್ಟು, ಮುರಿದ ತುಂಡಿನ ಎರಡೂ ಬದಿಗೆ ತಾಮ್ರದ ತಂತಿ ತೂರಿಸಿದ, ಒಡವೆಯಿಂದ ಹರಳು ಬಿಡಿಸುವ ಹಾಗೆ. ತೋಪು ಹಾರಿದಾಗಲೆಲ್ಲ ಬಾಗಿಲ ಸಂದಿನಿಂದ ಕರಿ ಪುಡಿ ಅವನ ಮುಂಗೈ ಮೇಲೆ ಉದುರುತ್ತಿತ್ತು. ಅವನು ಉಸಿರು ಬಿಡಲೂ ಅಂಜಿದ.

"ಜೋರಾಗಿ ಒಂದು ಬಡಿ ಕಣ್ಲಾ," ಎಂದ ಸಿದ್ದಾಚಾರಿ, ಕಂಬದಿಂದಲೇ.

"ಸುಮ್ಕಿರಣ್ಣೋ. ಬಡುದ್ರೆ ನಮ್ಮ ಬೂದಿನೂ ಸಿಕ್ಕಕ್ಕಿಲ್ಲ."

ನಡುಹಗಲ ಹೊತ್ತಿಗೆ ತುಂಡು ಕೈಗೆ ಬಂತು. ಎರಡೂ ತುಂಡುಗಳನ್ನು ಜೋಡಿಸಿ ನೋಡಿ, ಅದೇ ಅಳತೆಗೆ ಮೇಣದ ಅಚ್ಚು ಮಾಡಿ, ಬಿಸಿಲು ಇಳಿಯುವ ಹೊತ್ತಿಗೆ ಅಣ್ಣನ ಕುಲುಮೆಯಲ್ಲಿ ಹೊಸ ಹಿತ್ತಾಳೆ ಬೀಗದಕೈ ಎರೆದು ತಂದ. ಬೀಗಕ್ಕೆ ಇನ್ನೆರಡು ಹನಿ ಹರಳೆಣ್ಣೆ ಬಿಟ್ಟು ಮೆಲ್ಲಗೆ ತಿರುಗಿಸಿದ. ಬೀಗ ತೆರೆಯಿತು. ಅಣ್ಣನ ಹಗ್ಗ ಬಿಚ್ಚಿದರು.

ಮೆಚ್ಚಿದ ಜಮಾದಾರ, ನಂಜಾಚಾರಿ ಸಾಯುವ ತನಕ ಈ ಬಾಗಿಲಲ್ಲೇ ಕೂತು ಬೀಗ ತೆರೆಯಲಿ, ಮುಚ್ಚಲಿ ಎಂದು ಅಪ್ಪಣೆ ಕೊಟ್ಟ. ಮದ್ದಿನ ಪುಡಿಗೂ ಬಿಳಿಚಿರದ ನಂಜಾಚಾರಿಯ ಮುಖ ಈಗ ಬಿಳಿಚಿತು.

"ಬುದ್ಧಿ, ಒಂದೇ ಕೆಲ್ಸುಕ್ಕೆ ನಮ್ಮಣ್ಣನಂಥೋರು ಇನ್ನೊಬ್ರಿಲ್ಲ," ಎಂದು ಕೈಮುಗಿದ.

ಮುತ್ತಿಗೆ ತೆರವಾದ ಕೂಡಲೇ ನಂಜಾಚಾರಿ ಗಂಟು ಕಟ್ಟಿದ. ಮದ್ದಿನ ಮನೆಯ ಬಾಗಿಲಲ್ಲಿ ತಮ್ಮನ ಬದಲಿಗೆ ಸಿದ್ದಾಚಾರಿ ಮೀಸೆ ತಿರುವುತ್ತ ಕೂತಿದ್ದ; ಯಾರಾದರೂ ಹತ್ತಿರ ಬಂದರೆ ಮೊದಲು ಅವರ ಕೈಯಲ್ಲಿ ಕೆಂಡವಿದೆಯೇ ಎಂದು ನೋಡುತ್ತಿದ್ದ.